ರಾತ್ರಿ ಎರಡು ಗಂಟೆಗೆ ಯಾರಿರ್ತಾರೆ ಅಂತ ಮೊದಲು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಒಂದಲ್ಲ, ಎರಡು ಮೂರು ತೊಂದರೆ ಒಟ್ಟಿಗೇ ಇರುವವರು. ಮಾನಸಿಕ ಕಾಯಿಲೆ ಜೊತೆಗೆ ಶುಗರ್, ಬುದ್ಧಿ ಬೆಳವಣಿಗೆ ಕಡಿಮೆ ಜೊತೆಗೆ ಫಿಟ್ಸ್, ಹೀಗೆ. ಇವರಿಗೆ ಆಸ್ಪತ್ರೆ ಬೇಡ, ಒಬ್ಬರೇ ಇರೋದಕ್ಕೂ ಆಗಲ್ಲ. ಗ್ರೂಪ್ ಹೋಮ್, ಹಾಫ್‌ವೇ ಹೋಮ್, ಆಸರೆ ಮನೆ, ಏನಾದರೂ ಕರೆಯಿರಿ, ಅಂಥ ಕಡೆ ಇವರ ಬದುಕು ಹೇಗಿರಬೇಕು ಅನ್ನೋದು ಪ್ರಶ್ನೆ. ಹೆಸರು ತೆಗೆದಿದ್ದೇವೆ, ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ಮೇಡಂ, ನನಗೆ 61, ನಮ್ಮ ಯಜಮಾನರಿಗೆ 68. ಅವರು ಕೇಂದ್ರ ಸರ್ಕಾರದ ಕೆಲಸದಲ್ಲಿದ್ದು ರಿಟೈರ್ ಆದವರು. ಮಗನಿಗೆ 29. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ, ನಾಲ್ಕೈದು ಪದ ಮಾತ್ರ ಆಡ್ತಾನೆ, ಫಿಟ್ಸ್ ಬೇರೆ ಇದೆ. ಎರಡು ತಿಂಗಳಿಂದ ಕೈ ಕಚ್ಚಿಕೊಳ್ತಾನೆ, ನನ್ನನ್ನೂ ತಳ್ತಾನೆ. ನಮ್ಮ ನಂತರ ಇವನ ಗತಿ ಏನು ಅಂತ ನಿದ್ದೆ ಬರಲ್ಲ. ಒಂದು ಹೋಮ್ ನೋಡಿ ಬಂದೆವು, ತುಂಬಾ ಕ್ಲೀನಾಗಿತ್ತು, ಟೈಲ್ಸ್ ಹೊಳೀತಿತ್ತು. ನೆಂಟರು ಮಾತ್ರ 'ಹೆತ್ತ ಮಗನ್ನ ಬಿಟ್ಟು ಬರ್ತೀರಾ' ಅಂತಾರೆ.
– ಒಬ್ಬ ತಾಯಿ, ಹಾಸನ

ಉತ್ತರ: ನೆಂಟರ ಮಾತು ಬದಿಗಿಡಿ ಅಮ್ಮಾ. ಹಾಗೆ ಹೇಳಿದವರಲ್ಲಿ ಒಬ್ಬರಾದರೂ ಅವನನ್ನ ಒಂದು ವಾರ ನೋಡಿಕೊಂಡಿದ್ದಾರಾ? ನೀವಿಬ್ಬರೂ ಗಟ್ಟಿಯಾಗಿರುವಾಗಲೇ ಅವನಿಗೆ ಇನ್ನೊಂದು ಮನೆ ರೂಢಿ ಮಾಡಿಸೋದು ಬಿಟ್ಟು ಬರೋದಲ್ಲ. ಯಾರೋ ಒಬ್ಬರು ಆಸ್ಪತ್ರೆ ಸೇರಿದ ದಿನ, ಅವನಿಗೆ ಏನೂ ಅರ್ಥವಾಗದ ಹೊತ್ತಲ್ಲಿ, ಗೊತ್ತಿಲ್ಲದ ಜಾಗಕ್ಕೆ ಗಡಿಬಿಡಿಯಲ್ಲಿ ಸೇರಿಸೋದು ಇದಕ್ಕಿಂತ ಎಷ್ಟೋ ಕಷ್ಟ.

ಆದರೆ ಹೋಮ್ ವಿಚಾರಕ್ಕೆ ಮುಂಚೆ ಆ ಕೈ ಕಚ್ಚಿಕೊಳ್ಳೋದನ್ನ ನೋಡಬೇಕು. ಎರಡು ತಿಂಗಳಿಂದ ಅಂದಿರಿ. ಅಂದರೆ ಏನೋ ಬದಲಾಗಿದೆ. ನಾಲ್ಕೇ ಪದ ಇರುವವನು ಹಲ್ಲು ನೋವನ್ನ ಹೇಗೆ ಹೇಳಬೇಕು? ಫಿಟ್ಸ್‌ಗೆ ಎಪ್ಟಾಯಿನ್ ಮಾತ್ರೆ ಬಹಳ ಕಾಲ ತಗೊಂಡವರಿಗೆ ಒಸಡು ಊದಬಹುದು, ಬಾಯಿ ತೆರೆಸಿ ನೋಡಿಸಿ. ಮೋಶನ್ ಸರಿಯಾಗಿ ಆಗ್ತಿದೆಯಾ ನೋಡಿ, ಮಲಬದ್ಧತೆಗೇ ರಂಪ ಮಾಡುವವರು ಇದ್ದಾರೆ. ಕಿವಿಯನ್ನೂ ತೋರಿಸಿ. ಈಚೆಗೆ ಮಾತ್ರೆ ಬದಲಾಗಿದೆಯಾ? ಲೆವೆಟಿರಾಸೆಟಮ್ ಅಂತ ಒಂದು ಫಿಟ್ಸ್ ಔಷಧ ಇದೆ, ಲೆವಿಪಿಲ್ ಹೆಸರಲ್ಲಿ ಸಿಗುತ್ತದೆ, ಅದರಿಂದ ಕೆಲವರಿಗೆ ಸಿಡಿಮಿಡಿ, ಸಿಟ್ಟು ಜಾಸ್ತಿ ಆಗುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಫಿಟ್ಸ್ ಮಾತ್ರೆ ದಿಢೀರ್ ನಿಲ್ಲಿಸೋದು ಅಪಾಯ, ಡಾಕ್ಟರಿಗೆ ಹೇಳಿ. ಜೊತೆಗೆ ಒಂದು ನೋಟ್‌ಬುಕ್ ಇಡಿ. ಕಚ್ಚಿಕೊಳ್ಳುವ ಮುಂಚೆ ಏನಾಗಿತ್ತು, ಯಾರಿದ್ದರು, ಎಷ್ಟು ಹೊತ್ತಾಗಿತ್ತು, ಆಮೇಲೆ ನೀವೇನು ಮಾಡಿದಿರಿ, ಇಷ್ಟೇ ಬರೆಯಿರಿ. ಎರಡು ಮೂರು ವಾರದಲ್ಲಿ ಒಂದು ದಾರಿ ಕಾಣಿಸುತ್ತದೆ. ಇದನ್ನ ಮಾಡದೆ ಕಳಿಸಿದರೆ ಹೋಮ್‌ನವರು ಮೊದಲ ವಾರವೇ 'ವಯಲೆಂಟ್' ಅಂತ ಬರೆದು ನಿದ್ದೆ ಬರೋ ಮಾತ್ರೆ ಶುರು ಮಾಡಿಸ್ತಾರೆ.

ಈಗ ಹೋಮ್. ಟೈಲ್ಸ್ ನೋಡಿ ಮರುಳಾಗಬೇಡಿ. ನಾನಾದರೆ ಮೊದಲು ಕೇಳೋದು ಒಂದೇ: ರಾತ್ರಿ ಎರಡು ಗಂಟೆಗೆ ಇಲ್ಲಿ ಎಚ್ಚರವಾಗಿ ಯಾರಿರ್ತಾರೆ? ಎಷ್ಟು ಜನರಿಗೆ ಒಬ್ಬರು? ಆ ಒಬ್ಬರಿಗೆ ಫಿಟ್ಸ್ ಬಂದಾಗ ಏನು ಮಾಡಬೇಕು ಗೊತ್ತಾ? ಪಕ್ಕಕ್ಕೆ ಮಲಗಿಸಬೇಕು, ಟೈಮ್ ನೋಡಬೇಕು, ಬಾಯಿಗೆ ಏನೂ ಹಾಕಬಾರದು, ಕೈಗೆ ಬೀಗದ ಕೈ ಕೊಟ್ಟು ಕೂರಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಲೇಬೇಕು. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ನಿಮ್ಮ ಡಾಕ್ಟರು ಬರೆದಿದ್ದರೆ ಅದು ಎಲ್ಲಿರುತ್ತದೆ? ಆಫೀಸ್ ಬೀರುವಿನಲ್ಲಿದ್ದು ಬೀಗದ ಕೈ ಮ್ಯಾನೇಜರ್ ಮನೆಯಲ್ಲಿದ್ದರೆ ಪ್ರಯೋಜನ ಏನು? ಗಾಡಿ ಯಾರದ್ದು, ಓಡಿಸೋರು ಯಾರು? ಈ ಪ್ರಶ್ನೆಗೆ ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇನ್ನೊಂದು ಸಲ ಹೋಗಿ, ಹೇಳದೆ, ಸಂಜೆ ಏಳರ ಹೊತ್ತಿಗೆ. ಅಲ್ಲಿರುವವರು ಅವರವರ ಬಟ್ಟೆ ಹಾಕಿದ್ದಾರಾ ಅಥವಾ ಯಾರದ್ದೋ ಬಟ್ಟೆ ಯಾರದ್ದೋ ಮೈಮೇಲಿದೆಯಾ ನೋಡಿ. ಎಲ್ಲರ ತಲೆ ಬೋಳಾಗಿದೆಯಾ? ಬಾತ್‌ರೂಮಿಗೆ ಚಿಲಕ ಇದೆಯಾ? 'ಇಲ್ಲಿ ಕೊನೆಗೆ ಯಾರಾದರೂ ಯಾರಿಗಾದರೂ ಹೊಡೆದಾಗ ನೀವೇನು ಮಾಡಿದಿರಿ' ಅಂತ ಕೇಳಿ. 'ನಮ್ಮಲ್ಲಿ ಅಂಥದ್ದೆಲ್ಲ ಆಗೋದೇ ಇಲ್ಲ' ಅಂದರೆ ನನಗೆ ನಂಬಿಕೆ ಬರಲ್ಲ. ಏನಾಯ್ತು, ಹೇಗೆ ಸಮಾಧಾನ ಮಾಡಿದೆವು, ಈಗ ಏನು ಬದಲಾಯಿಸಿದ್ದೇವೆ ಅಂತ ಹೇಳುವವರು ಬೇಕು. ಕಟ್ಟಿಹಾಕ್ತೀವಿ ಅನ್ನೋ ಕಡೆ ಒಂದು ನಿಮಿಷವೂ ನಿಲ್ಲಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನ ಇಟ್ಟಿದ್ದ ಒಂದು ಹೋಮ್‌ಗೆ ಬೆಂಕಿ ಬಿದ್ದಾಗ 28 ಜನ ಸತ್ತರು. ಅವರನ್ನ ಸರಪಳಿಯಲ್ಲಿ ಕಟ್ಟಿದ್ದರಿಂದ ಓಡೋಕೆ ಆಗಲಿಲ್ಲ.

ಒಂದೇ ದಿನ ಬ್ಯಾಗ್ ಹಿಡಿದು ಬಿಟ್ಟು ಬರೋದು ಬೇಡ. ಮೊದಲು ಹಗಲು ಹೊತ್ತು, ಆಮೇಲೆ ಶನಿವಾರ ಭಾನುವಾರ, ಆಮೇಲೆ ಒಂದು ವಾರ. ಅವನ ಬಗ್ಗೆ ಎರಡು ಪುಟ ಬರೆದು ಕೊಡಿ. ಟಾಯ್ಲೆಟ್‌ಗೆ ಹೇಗೆ ಹೇಳ್ತಾನೆ, ಅನ್ನ ಎಷ್ಟು ಮೆತ್ತಗಿರಬೇಕು, ಕುಕ್ಕರ್ ಸೀಟಿಗೆ ಹೆದರ್ತಾನಾ, ಸಿಟ್ಟು ಬರುವ ಮುಂಚೆ ಮುಖ ಹೇಗಾಗುತ್ತದೆ. ಯಾವ ಡಾಕ್ಟರ ಫೈಲಲ್ಲೂ ಇದು ಇರಲ್ಲ, ನಿಮ್ಮ ತಲೆಯಲ್ಲಿ ಮಾತ್ರ ಇದೆ.

ಕಾಗದಪತ್ರ: ಅವನಿಗೆ 18 ದಾಟಿರೋದರಿಂದ ತಂದೆ ತಾಯಿ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಸಹಿ ಎಲ್ಲ ಕಡೆ ನಡೆಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರುತ್ತದೆ, ಡಿ.ಸಿ. ಅದರ ಮುಖ್ಯಸ್ಥರು, ಅವನ ಪರವಾಗಿ ಸಹಿ ಹಾಕುವ ಗಾರ್ಡಿಯನ್ ಯಾರು ಅಂತ ನೇಮಿಸೋದು ಆ ಸಮಿತಿಯೇ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಇಲ್ಲದಿದ್ದರೆ ಮಾಡಿಸಿ. ಅದೇ ಟ್ರಸ್ಟಿನ ನಿರಾಮಯ ಅನ್ನೋ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ನಿಮ್ಮ ಯಜಮಾನರದ್ದು ಕೇಂದ್ರ ಸರ್ಕಾರದ ಪಿಂಚಣಿ ಅಂತೀರಿ. ದುಡಿದು ತಿನ್ನಲಾಗದ ಅಂಗವಿಕಲ ಮಗನಿಗೆ ಜೀವನಪೂರ್ತಿ ಫ್ಯಾಮಿಲಿ ಪೆನ್ಶನ್ ಸಿಗುತ್ತದೆ, ಅವನ ಹೆಸರನ್ನ ಅವರು ಇರುವಾಗಲೇ ದಾಖಲೆಗೆ ಸೇರಿಸಿ. ಮತ್ತೆ ಒಂದು ಮಾತು, 'ಒಂದೇ ಸಲ ಇಷ್ಟು ಲಕ್ಷ ಕೊಡಿ, ಜೀವನಪೂರ್ತಿ ನಾವೇ ನೋಡ್ಕೋತೀವಿ' ಅನ್ನುವವರ ಕೈಗೆ ಇದ್ದಬದ್ದ ದುಡ್ಡೆಲ್ಲ ಸುರಿಯಬೇಡಿ. ತಿಂಗಳು ತಿಂಗಳು ಕಟ್ಟುವ ಕಡೆ, ಬೇಡ ಅನಿಸಿದರೆ ಅವನನ್ನ ಕರೆದುಕೊಂಡು ಬರುವ ದಾರಿ ಇರುತ್ತದೆ.

ಪ್ರಶ್ನೆ: ಒಂದು ಗ್ರೂಪ್ ಹೋಮ್‌ನಲ್ಲಿ ಕೆಲಸ ಮಾಡ್ತೀನಿ. ಹತ್ತು ಜನ ಇದ್ದಾರೆ. ಅದರಲ್ಲಿ ಒಬ್ಬರು ಅಕ್ಕ, 42 ವರ್ಷ, ಸ್ಕಿಜೋಫ್ರೇನಿಯಾ, ಶುಗರೂ ಇದೆ. ಸ್ನಾನ ಮಾಡಲ್ಲ, ಮಾತ್ರೆ ಬೇಡ ಅಂತಾರೆ, ರಾತ್ರಿ ಎದ್ದು ಸಕ್ಕರೆ ಡಬ್ಬಿ ಖಾಲಿ ಮಾಡ್ತಾರೆ. ಮೇಲಿನವರು 'ಅಡುಗೆಮನೆಗೆ ಬೀಗ ಹಾಕು, ಮಾತ್ರೆ ಪುಡಿ ಮಾಡಿ ಸಾಂಬಾರಿಗೆ ಬೆರೆಸು' ಅಂತ ಹೇಳಿದ್ದಾರೆ. ನನಗೆ ಮನಸ್ಸು ಒಪ್ತಿಲ್ಲ. – ಮೈಸೂರು

ಉತ್ತರ: ನಿಮ್ಮ ಮನಸ್ಸು ಸರಿಯಾಗೇ ಇದೆ. ಸಾಂಬಾರಿಗೆ ಬೆರೆಸಬೇಡಿ. ಇವತ್ತಲ್ಲ ನಾಳೆ ಅವರಿಗೆ ಗೊತ್ತಾಗುತ್ತದೆ. ಯಾರೋ ವಿಷ ಹಾಕ್ತಾರೆ ಅನ್ನೋ ಅನುಮಾನ ಇರುವ ಕಾಯಿಲೆಯಲ್ಲಿ ನಿಜವಾಗಿಯೂ ಊಟಕ್ಕೆ ಏನೋ ಬೆರೆಸಿ ಸಿಕ್ಕಿಬಿದ್ದರೆ ಆಮೇಲೆ ಅವರು ನೀವು ಕೊಟ್ಟ ನೀರೂ ಕುಡಿಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಗೆ ಒಪ್ಪಿಗೆ ಬೇಕು ಅಂತಲೇ ಹೇಳೋದು. ಕೆಲವು ಮಾತ್ರೆಗಳನ್ನ ಪುಡಿ ಮಾಡಲೇಬಾರದು ಕೂಡ. 'ಎಸ್‌ಆರ್' ಅಂತ ಬರೆದಿರುವ ನಿಧಾನವಾಗಿ ಕರಗುವ ಮಾತ್ರೆ ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಮೈಗೆ ಸೇರುತ್ತದೆ.

ಮಾತ್ರೆ ಯಾಕೆ ಬೇಡ ಅಂತ ಕೇಳಿದ್ದೀರಾ? ಬೈದು ಅಲ್ಲ, ಸುಮ್ನೆ ಪಕ್ಕದಲ್ಲಿ ಕೂತು. ದಪ್ಪ ಆಗ್ತೀನಿ, ಕೈ ನಡುಗುತ್ತೆ, ಬೆಳಿಗ್ಗೆ ಏಳೋಕೆ ಆಗಲ್ಲ, ಮುಟ್ಟು ನಿಂತುಹೋಗಿದೆ ಅಂತ ಹೇಳಬಹುದು. ಇವೆಲ್ಲ ನಿಜವಾದ ತೊಂದರೆಗಳು, ಈ ಔಷಧಗಳಿಂದ ಆಗುವಂಥವೇ. ಅವರು ಹೇಳಿದ್ದನ್ನ ಹಾಗೇ ಬರೆದು ಡಾಕ್ಟರ ಮುಂದಿಡಿ. ಹೊತ್ತು ಬದಲಾಯಿಸಬಹುದು, ಮಾತ್ರೆ ಬದಲಾಯಿಸಬಹುದು, ಅವರೇ ಒಪ್ಪಿದರೆ ತಿಂಗಳಿಗೊಂದು ಇಂಜೆಕ್ಷನ್ನೂ ಇದೆ. ಓಲಾಂಜಪಿನ್ ತರದ ಮಾತ್ರೆ ಹಸಿವು ಹೆಚ್ಚಿಸುತ್ತದೆ, ಶುಗರನ್ನೂ ಏರಿಸುತ್ತದೆ. ಅಂದರೆ ರಾತ್ರಿ ಸಕ್ಕರೆ ಡಬ್ಬಿ ಹುಡುಕೋದು ಅವರ ಕಳ್ಳಬುದ್ಧಿ ಅಲ್ಲ, ಅರ್ಧ ಕೆಲಸ ನೀವು ಕೊಡುವ ಮಾತ್ರೆಯದ್ದು. ಮಾನಸಿಕ ಡಾಕ್ಟರು, ಶುಗರ್ ಡಾಕ್ಟರು ಇಬ್ಬರೂ ಒಬ್ಬರ ಚೀಟಿ ಇನ್ನೊಬ್ಬರು ನೋಡಿದ್ದಾರಾ? ಹೆಚ್ಚಿನ ಕಡೆ ನೋಡಿರಲ್ಲ. ಎರಡೂ ಫೈಲ್ ಒಂದೇ ಬ್ಯಾಗಲ್ಲಿ ಹೋಗಲಿ.

ಅಡುಗೆಮನೆಗೆ ಬೀಗ ಹಾಕಿದರೆ ಉಳಿದ ಒಂಬತ್ತು ಜನ ಏನು ತಪ್ಪು ಮಾಡಿದರು? ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರದ ಮಾತ್ರೆ ತಗೊಂಡು ಊಟ ಸರಿಯಾಗಿ ಮಾಡದಿದ್ದರೆ ರಾತ್ರಿ ಶುಗರ್ ತೀರಾ ಇಳಿಯಬಹುದು. ಬೆವರು, ನಡುಕ, ತಲೆ ಕೆಟ್ಟಂತೆ ಮಾತು, ಸಿಟ್ಟು. ನೋಡಿದವರು 'ಕಾಯಿಲೆ ಮತ್ತೆ ಕೆದರಿದೆ' ಅಂದುಕೊಂಡು ಮಲಗಿಸಿಬಿಡ್ತಾರೆ. ಅಂಥ ಹೊತ್ತಲ್ಲಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದರೆ? ಆದ್ದರಿಂದ ಹೀಗೆ ಮಾಡುವಾಗೆಲ್ಲ ಮೊದಲು ಗ್ಲುಕೋಮೀಟರ್ ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದು ನುಂಗೋಕೆ ಆಗುವಂತಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

ಸಕ್ಕರೆ ಡಬ್ಬಿ ಚಿಕ್ಕದು ಮಾಡಿ, ಕಣ್ಣಿಗೆ ಬೀಳುವ ಕಡೆ ಹುರಿಗಡಲೆ, ಮಜ್ಜಿಗೆ, ಸೌತೆಕಾಯಿ ಇಡಿ, ರಾತ್ರಿ ಊಟ ಏಳಕ್ಕೇ ಮುಗಿಯುತ್ತಿದ್ದರೆ ಎಂಟೂವರೆಗೆ ಮಾಡಿ. ಎಷ್ಟೋ ಹೋಮ್‌ಗಳಲ್ಲಿ ಸ್ಟಾಫ್ ಮನೆಗೆ ಹೋಗೋ ಅನುಕೂಲಕ್ಕೆ ಊಟ ಬೇಗ ಮುಗಿಸಿ, ಆಮೇಲೆ ರಾತ್ರಿ ಹಸಿದವರನ್ನ ಕಳ್ಳರು ಅಂತಾರೆ! ಸ್ನಾನಕ್ಕೂ ಹಾಗೇ. ನೀರು ಬಿಸಿ ಇದೆಯಾ, ಬಾಗಿಲು ಹಾಕಿಕೊಳ್ಳಬಹುದಾ, ಯಾವ ಹೊತ್ತು ಅನ್ನೋದನ್ನ ಅವರೇ ಆರಿಸಬಹುದಾ? ವಾರಕ್ಕೆ ಮೂರು ಸಲ ಮಾಡಿದರೂ ಸಾಕು ಅಂತ ಶುರು ಮಾಡಿ, ಆಕಾಶ ಏನೂ ಕಳಚಿ ಬೀಳಲ್ಲ.

ಮೇಲಿನವರಿಗೆ ಬಾಯಲ್ಲಿ ಹೇಳಬೇಡಿ, ರಿಜಿಸ್ಟರಿನಲ್ಲಿ ಬರೆಯಿರಿ: 'ಮಾತ್ರೆ ಬೇಡ ಎಂದರು, ಕಾರಣ ಇದು, ಡಾಕ್ಟರಿಗೆ ಇಷ್ಟು ಗಂಟೆಗೆ ತಿಳಿಸಿದೆ.' ಹಾಗೆ ಬರೆದ ಮೇಲೆ ಬೆರೆಸು ಅನ್ನೋ ಮಾತು ಯಾರ ಬಾಯಲ್ಲೂ ಬರಲ್ಲ, ಯಾಕಂದರೆ ಅದನ್ನೂ ಬರೆಯಬೇಕಾಗುತ್ತದೆ.

ಪ್ರಶ್ನೆ: ನಾನೇ ಅಂಥ ಮನೆಯಲ್ಲಿ ಇರೋದು. ಬೈಪೋಲಾರ್ ಇದೆ, ಈಗ ಹುಷಾರಾಗಿದ್ದೀನಿ. ಫೋನ್ ದಿನಕ್ಕೆ ಅರ್ಧ ಗಂಟೆ ಮಾತ್ರ ಕೊಡ್ತಾರೆ. ಇಪ್ಪತ್ತು ಜನರ ಪಾತ್ರೆ ನಾನೇ ತೊಳೀತೀನಿ, ಕೇಳಿದರೆ ಥೆರಪಿ ಅಂತಾರೆ. ಜಗಳ ಆಡಿದರೆ ಕಳಿಸಿಬಿಡ್ತಾರೆ ಅಂತ ಭಯ. – ಊರು ಬೇಡ

ಉತ್ತರ: ನಿಮ್ಮ ತಟ್ಟೆ ನೀವು ತೊಳೆದುಕೊಳ್ಳೋದು, ಸರದಿ ಮೇಲೆ ಎಲ್ಲರೂ ಕೆಲಸ ಮಾಡೋದು ಸರಿ. ಇಪ್ಪತ್ತು ಜನರ ಪಾತ್ರೆ ದಿನಾ ಒಬ್ಬರೇ ತೊಳೆದರೆ ಅದು ಕೆಲಸ, ಕೆಲಸಕ್ಕೆ ಸಂಬಳ ಬೇಕು. 2017ರ ಕಾಯ್ದೆಯಲ್ಲೇ ಇದೆ: ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ಸರಿಯಾದ ಕೂಲಿ ಕೊಡಬೇಕು. ಸ್ವಂತ ಬಟ್ಟೆ ಹಾಕಿಕೊಳ್ಳೋದು, ಒಬ್ಬರೇ ಇರೋಕೆ ಮರೆ, ಬಂದವರನ್ನ ಭೇಟಿ ಮಾಡೋದು ಅಥವಾ ಬೇಡ ಅನ್ನೋದು, ಫೋನ್ ಮಾಡೋದು, ಎಲ್ಲ ನಿಮ್ಮ ಹಕ್ಕು.

ಭಯ ಅರ್ಥವಾಗುತ್ತದೆ. ಮೊದಲು ಮನೆ ಮೀಟಿಂಗಲ್ಲಿ ಇನ್ನೊಬ್ಬರನ್ನ ಜೊತೆ ಮಾಡಿಕೊಂಡು ಸರದಿ ಪಟ್ಟಿ ಹಾಕಿ ಅಂತ ಕೇಳಿ. ಆಗಲಿಲ್ಲವಾ, ಆ ಕಾಯ್ದೆಯ ಪ್ರಕಾರ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ಬರೆದುಕೊಡೋಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಕೀಲರು ಪುಕ್ಕಟೆ ಸಿಗ್ತಾರೆ, ಜಿಲ್ಲಾ ಕೋರ್ಟ್ ಆವರಣದಲ್ಲಿ ವಿಚಾರಿಸಿ. ನಿಮ್ಮ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಹುಷಾರಿಲ್ಲದಾಗ ಚಿಕಿತ್ಸೆ ವಿಚಾರದಲ್ಲಿ ನಿಮ್ಮ ಪರ ನಿಲ್ಲುವವರು, ಯಾರು ಅಂತ ಇನ್ನೂ ಬರೆದುಕೊಟ್ಟಿಲ್ಲದಿದ್ದರೆ ಹುಷಾರಾಗಿರುವ ಈಗಲೇ ಬರೆದುಕೊಡಿ. ಬಿಳಿ ಹಾಳೆ ಸಾಕು. ಅಣ್ಣ ತಮ್ಮನೇ ಆಗಬೇಕು ಅಂತಿಲ್ಲ, ನಿಮಗೆ ನಂಬಿಕೆ ಇರುವ ಗೆಳತಿಯೂ ಆಗಬಹುದು.

ಪ್ರಶ್ನೆ: ನಮ್ಮ ಲೇಔಟ್‌ನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಮಾನಸಿಕ ಕಾಯಿಲೆಯ ಐದು ಜನರನ್ನ ಇಟ್ಟಿದ್ದಾರೆ. ಮಕ್ಕಳು ಓಡಾಡೋ ಜಾಗ. ಅಸೋಸಿಯೇಷನ್‌ನಿಂದ ಓನರ್‌ಗೆ ಪತ್ರ ಬರೆಯೋಣ ಅಂತಿದ್ದೇವೆ. – ಬೆಂಗಳೂರು

ಉತ್ತರ: ಬರೆಯಬೇಡಿ. ಅವರು ಏನು ಮಾಡಿದರು ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಮಾನಸಿಕ ಕಾಯಿಲೆ ಇರುವವರು ಬೇರೆಯವರಿಗೆ ಹೊಡೆಯೋದಕ್ಕಿಂತ ಹೊಡೆತ ತಿನ್ನೋದೇ ಜಾಸ್ತಿ. ಜನರ ನಡುವೆ ಬದುಕೋದು ಅವರಿಗೆ ಕಾನೂನು ಕೊಟ್ಟ ಹಕ್ಕು. ನಿಮ್ಮ ಊರಿಗೆ ಇದು ಹೊಸದೂ ಅಲ್ಲ. ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿಯಂಥ ಸಂಸ್ಥೆಗಳು ಬೆಂಗಳೂರಿನಲ್ಲಿ ದಶಕಗಳಿಂದ ಹಾಫ್‌ವೇ ಹೋಮ್ ನಡೆಸುತ್ತಿವೆ. ಚೆನ್ನೈನ ಬ್ಯಾನಿಯನ್ ಸಂಸ್ಥೆ 2015ರಿಂದ 'ಹೋಮ್ ಅಗೇನ್' ಅಂತ ಮಾಡುತ್ತಿರೋದು ಇದನ್ನೇ: ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟವರು ಮಾಮೂಲಿ ಬೀದಿಯ ಮಾಮೂಲಿ ಬಾಡಿಗೆ ಮನೆಯಲ್ಲಿ ನಾಲ್ಕೈದು ಜನ ಸೇರಿ ಇರೋದು, ಜೊತೆಗೆ ಸಹಾಯಕ್ಕೆ ಒಬ್ಬರು ಇರೋದು. ಆ ಮನೆ ನಡೆಸುವವರ ನಂಬರ್ ಇಸ್ಕೊಳ್ಳಿ, ರಾತ್ರಿ ಗಲಾಟೆ ಆದರೆ ಫೋನ್ ಮಾಡಿ. ಬೇರೆ ಯಾವ ಬಾಡಿಗೆಯವರ ಜೊತೆ ಹೇಗೋ ಹಾಗೆ.

ಪ್ರಶ್ನೆ: ನನ್ನ ತಂಗಿಗೆ 38, ಮಾನಸಿಕ ಕಾಯಿಲೆ ಇದೆ. ಎಂಟು ವರ್ಷದಿಂದ ಆಸ್ಪತ್ರೆ, ಹೋಮ್ ಅಂತ ಓಡಾಟ. ಈಗ ಆಸ್ಪತ್ರೆಯವರು ಡಿಸ್ಚಾರ್ಜ್ ಅಂತಾರೆ. ನಮ್ಮ ಮನೆಯಲ್ಲಿ ಇಟ್ಟುಕೊಳ್ಳೋಕೆ ಹೆಂಡತಿ ಒಪ್ಪಲ್ಲ. ಅಲ್ಲೇ ಇನ್ನಷ್ಟು ದಿನ ಇಡಬಹುದಾ? ಅಪ್ಪನ ಜಮೀನು ಭಾಗ ಆಗ್ತಿದೆ, ಅವಳ ಪರವಾಗಿ ನಾನೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬಹುದಾ? – ಶಿವಮೊಗ್ಗ

ಉತ್ತರ: ಎರಡನೇದಕ್ಕೆ ಮೊದಲು. ಆಗಲ್ಲ. ಕಾಯಿಲೆ ಇದೆ ಅಂತ ಯಾರ ಪಾಲೂ ಹೋಗಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಇದನ್ನೇ ಹೇಳೋದು. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಪಾಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಣಕಾಸಿನ ವಿಚಾರದಲ್ಲಿ ಸಹಾಯ ಮಾಡುವವರಿಗೂ ಆ ವ್ಯಕ್ತಿಗೂ ಹಿತಾಸಕ್ತಿ ಎದುರುಬದುರಾದರೆ ಸಹಾಯ ಮಾಡುವವರು ಆ ವ್ಯವಹಾರದಿಂದ ಹಿಂದೆ ಸರಿಯಬೇಕು ಅನ್ನುತ್ತದೆ. ಅವಳು ಬಿಟ್ಟರೆ ಜಮೀನು ಬರೋದು ನಿಮಗೇ ಅಲ್ವಾ? ಅಂದಮೇಲೆ ಅವಳ ಪರ ಸಹಿ ಹಾಕಬೇಕಾದವರು ನೀವಲ್ಲ. ಅವಳಿಗೆ ಬೇರೆ ವಕೀಲರು ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಪುಕ್ಕಟೆ ಸಿಗ್ತಾರೆ.

ಆಸ್ಪತ್ರೆಯಲ್ಲಿ ಇಡೋ ವಿಚಾರ: ಮನೆಯವರು ಸೇರಿಸಲ್ಲ ಅನ್ನೋ ಕಾರಣಕ್ಕೆ ಗುಣವಾದವರನ್ನ ಒಳಗೇ ಇಡೋ ಹಾಗಿಲ್ಲ ಅಂತ 2017ರ ಕಾಯ್ದೆಯ 19ನೇ ಕಲಂ ಸ್ಪಷ್ಟವಾಗಿದೆ. ಹಾಗೆ ಒಳಗೇ ಉಳಿದುಬಿಟ್ಟವರ ಬಗ್ಗೆ ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ರಾಜ್ಯಗಳಿಗೆ ತಾಕೀತು ಮಾಡಿತ್ತು. ನಿಮ್ಮ ಹೆಂಡತಿಯನ್ನ ನಾನು ಬೈಯಲ್ಲ, ಎಂಟು ವರ್ಷದಲ್ಲಿ ಅವರೂ ಬಹಳ ನೋಡಿರ್ತಾರೆ. ಒಂದೇ ಸೂರಿನಡಿ ಇರಲೇಬೇಕು ಅಂತಿಲ್ಲ. ಅವಳ ಪಾಲಿನ ಜಮೀನಿನ ಗೇಣಿಯೋ, ಬಡ್ಡಿಯೋ ಅವಳ ಖಾತೆಗೇ ಬರಲಿ, ಅದರಲ್ಲಿ ನಿಮ್ಮ ಊರಿನ ಹತ್ತಿರದ ಗ್ರೂಪ್ ಹೋಮ್ ಖರ್ಚು ತೂಗಬಹುದು. ಹತ್ತಿರದ್ದು ಅಂದೆ, ಯಾಕಂದರೆ ಬಸ್ಸಲ್ಲಿ ಎಂಟು ಗಂಟೆ ದೂರದ ಹೋಮ್‌ಗೆ ಯಾರೂ ಹಬ್ಬಕ್ಕೆ ಹೋಗಲ್ಲ. ಎಲ್ಲಿ ಇರಬೇಕು ಅಂತ ಅವಳನ್ನ ಯಾರಾದರೂ ಕೇಳಿದ್ದೀರಾ? ಪತ್ರದಲ್ಲಿ ಆಸ್ಪತ್ರೆಯವರ ಮಾತಿದೆ, ಹೆಂಡತಿಯ ಮಾತಿದೆ, ಅವಳದ್ದು ಇಲ್ಲ.

ಪ್ರಶ್ನೆ: ಅಣ್ಣನಿಗೆ ಮಾನಸಿಕ ಕಾಯಿಲೆ, ಜೊತೆಗೆ ಕುಡಿತ. ಹಾಫ್‌ವೇ ಹೋಮ್‌ನವರು ಕುಡಿಯೋರು ಬೇಡ ಅಂತಾರೆ. ಕುಡಿತ ಬಿಡಿಸೋ ಸೆಂಟರ್‌ನವರು ಮೆಂಟಲ್ ಕೇಸ್ ಬೇಡ ಅಂತಾರೆ. ಎಲ್ಲಿಗೆ ಹೋಗಲಿ? – ದಾವಣಗೆರೆ

ಉತ್ತರ: ಈ ಫುಟ್‌ಬಾಲ್ ಆಟ ನಿಮ್ಮೊಬ್ಬರಿಗಲ್ಲ. ಎರಡೂ ಒಟ್ಟಿಗೇ ಇರೋದು ಬಹಳ ಸಾಮಾನ್ಯ, ಒಂದನ್ನ ಮುಗಿಸಿ ಇನ್ನೊಂದಕ್ಕೆ ಬನ್ನಿ ಅಂದರೆ ಎರಡೂ ಮುಗಿಯಲ್ಲ. ಮೊದಲ ಹಂತಕ್ಕೆ ಎರಡೂ ನೋಡುವ ಮನೋವೈದ್ಯ ವಿಭಾಗ ಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ಕೇಂದ್ರ ಇದೆ, ಮಾನಸಿಕ ಕಾಯಿಲೆಯೂ ಇರುವವರನ್ನ ಅಲ್ಲಿ ನೋಡ್ತಾರೆ. ಅಷ್ಟು ದೂರ ಆಗಲ್ಲ ಅಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ. 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡ್ತಾರೆ, ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕು ಅಂತ ಹೇಳ್ತಾರೆ. ಬಹಳ ದಿನದಿಂದ ದಿನಾ ಕುಡಿಯುತ್ತಿದ್ದರೆ ಮನೆಯಲ್ಲೇ ಕೂಡಿಹಾಕಿ ಒಂದೇ ಸಲ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು.

ಆಮೇಲೆ ಹಾಫ್‌ವೇ ಹೋಮ್‌ನವರ ಹತ್ತಿರ ಹೋಗುವಾಗ 'ಕುಡಿಯಲ್ಲ' ಅಂತ ಸುಳ್ಳು ಹೇಳಿ ಸೇರಿಸಬೇಡಿ, ಹದಿನೈದು ದಿನದಲ್ಲಿ ವಾಪಸ್ ಕಳಿಸ್ತಾರೆ. ನಿಜ ಹೇಳಿ, 'ಕುಡಿದು ಬಂದ ದಿನ ನೀವೇನು ಮಾಡ್ತೀರಿ' ಅಂತ ಕೇಳಿ. ಒಂದು ಸಲ ಎಡವಿದ್ದಕ್ಕೆ ಬ್ಯಾಗ್ ಹೊರಗಿಡುವ ಮನೆ ನಿಮ್ಮಣ್ಣನಿಗೆ ಆಗಲ್ಲ. ಆ ರಾತ್ರಿ ಮಲಗಿಸಿ, ಬೆಳಿಗ್ಗೆ ಡಾಕ್ಟರಿಗೆ ಹೇಳಿ, ಅವನ ಜೊತೆ ಕೂತು ಮಾತಾಡುವವರನ್ನ ಹುಡುಕಿ. ಬೇಗ ಸಿಗಲ್ಲ, ಆದರೆ ಇದ್ದಾರೆ. ಅಣ್ಣ ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಅನ್ನೋ ಮಾತ್ರೆ ತಗೋತಿದ್ದು, ಸಿಗರೇಟೂ ಸೇದ್ತಿದ್ದು, ಹೊಸ ಜಾಗದಲ್ಲಿ ಸಿಗರೇಟ್ ಬಂದ್ ಅಂದರೆ ಅದನ್ನ ಡಾಕ್ಟರಿಗೆ ಮೊದಲೇ ಹೇಳಿ. ಸಿಗರೇಟ್ ನಿಂತ ಮೇಲೆ ಆ ಔಷಧ ರಕ್ತದಲ್ಲಿ ಏರುತ್ತದೆ, ಡೋಸ್ ಇಳಿಸಬೇಕಾಗಬಹುದು. ಸೇರಿಸಿಕೊಳ್ಳುವ ದಿನ ಹೋಮ್‌ನವರು ಇದನ್ನ ತಾವಾಗಿ ಕೇಳೋದು ಕಡಿಮೆ, ನೀವೇ ಹೇಳಿ.